ಚೀಲದೊಳಗಿನ ಮರಿ

ನಮ್ಮ ಮನೆಯವರ ಮುಖವನ್ನು ವಿಡಿಯೋ ಮಾಡುವುದೂ ಒಂದೇ, ಗೋಡೆಗೆ ಕ್ಯಾಮೆರಾ ಹಿಡಿದು ನಿಲ್ಲುವುದೂ ಒಂದೇ. ಗೋಡೆಯ ಮೇಲೆ ಹಲ್ಲಿಯಾದರೂ ಓಡಾಡುತ್ತದೆ. ನಮ್ಮ ಮದುವೆಯ ಫೋಟೋಗಳನ್ನು ತೆಗೆದು ನೋಡಿ, ಎಲ್ಲದರಲ್ಲೂ ನಾನು ಹಲ್ಲು ಕಿರಿದಿದ್ದೇನೆ, ಇವರು ಕರೆಂಟ್ ಬಿಲ್ ಓದುತ್ತಿರುವವರ ಹಾಗೆ ನಿಂತಿದ್ದಾರೆ. ಹುಟ್ಟುವಾಗಲೇ ಹೀಗೆ ಎನ್ನುತ್ತಾರೆ ನಮ್ಮ ಅತ್ತೆ. ನರ್ಸು ಬೆನ್ನಿಗೆ ತಟ್ಟಿದರೆ ಕೂಸು ಅಳಲಿಲ್ಲವಂತೆ, 'ಈಗೇನಾಯ್ತು?' ಎನ್ನುವಂತೆ ಅವಳನ್ನೇ ನೋಡಿತಂತೆ.

ಇವರು ಲಿಫ್ಟ್ ಮೆಕ್ಯಾನಿಕ್. ಎರಡು ಮಹಡಿಗಳ ನಡುವೆ ನಿಂತುಹೋದ ಲಿಫ್ಟಿನಲ್ಲಿ ಸಿಕ್ಕಿಕೊಂಡು ಬೊಬ್ಬೆ ಹೊಡೆಯುವವರಿಗೆ, ಬಾಗಿಲ ಸಂದಿಯಲ್ಲಿ ಈ ಮುಖ ಕಂಡ ಕೂಡಲೇ ಜೀವ ಬರುತ್ತದಂತೆ. ಏನೂ ಆಗಿಲ್ಲ ಎನ್ನುವ ಮುಖ ಅದು. ಕೆಲಸಕ್ಕೇನೋ ಒಳ್ಳೆಯದೇ. ಸಂಸಾರಕ್ಕೆ? ನಾನು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿದ್ದೇನೆ. ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಹೆಸರು ಗುರುತು ಇಲ್ಲದವರ ಬಾಯಿಗೆಲ್ಲ ನಗು ತಯಾರಿಸಿ ಕಳಿಸಿ, ದಣಿದು ಮನೆಗೆ ಬಂದರೆ ಎದುರಿಗೆ ಇವರು.

ಇಂಥವರ ಮುಖವನ್ನು ಆ ಶನಿವಾರ ಮಧ್ಯಾಹ್ನ ನಾನು ವಿಡಿಯೋ ಮಾಡಲು ಕೂತದ್ದಕ್ಕೆ ಕಾರಣ ಒಂದು ಕಪ್ಪೆ. 'ಟಪಾಲು ಕಪ್ಪೆ' ಎನ್ನುವುದು ಇವರು ಹುಡುಗನಾಗಿದ್ದಾಗಿನಿಂದ ಆಡುತ್ತಿರುವ ವಿಡಿಯೋ ಗೇಮ್. ಹೆಗಲಿಗೆ ಟಪಾಲು ಚೀಲ ಹಾಕಿಕೊಂಡ ಕಪ್ಪೆಯೊಂದು ಮನೆಯಿಂದ ಮನೆಗೆ ಮಾಡಿನ ಮೇಲೇ ಹಾರಿಕೊಂಡು ಹೋಗಿ ಪಾರ್ಸಲ್ ಮುಟ್ಟಿಸಬೇಕು. ಕಪ್ಪೆ ಮಾತಾಡುವುದಿಲ್ಲ, ನಗುವುದಿಲ್ಲ. ಎರಡು ದೊಡ್ಡ ಕಣ್ಣು ಬಿಟ್ಟುಕೊಂಡು ಹಾರುತ್ತದೆ, ಅಷ್ಟೇ. ಇವರಿಗೆ ಅದರ ಮೇಲೆ ಯಾಕಷ್ಟು ಪ್ರೀತಿ ಎಂದು ನಾನು ಯಾವತ್ತೂ ತಲೆ ಕೆಡಿಸಿಕೊಂಡಿರಲಿಲ್ಲ.

ಅದರ ಮೇಲೆ ಕಾರ್ಟೂನ್ ಸಿನಿಮಾವೂ ಬಂದಿತ್ತು. ಅದರಲ್ಲಿ ಕಪ್ಪೆಯ ಚೀಲವನ್ನು ತಪ್ಪು ಹೆಗಲಿಗೆ ಹಾಕಿದ್ದಾರೆಂದು ಇವರು ಒಂದು ವಾರ ನೊಂದುಕೊಂಡರು. ನೊಂದುಕೊಂಡರು ಅಂದರೆ, ಆ ವಾರದಲ್ಲಿ ನಾಲ್ಕು ವಾಕ್ಯ ಮಾತಾಡಿದರು. ಈಗ ಎರಡನೇ ಭಾಗ ಬರುತ್ತಿತ್ತು. ಅದರ ಟ್ರೇಲರ್ ಆ ದಿನ ಬಿಡುಗಡೆ. ಇವರ ಬಾಲ್ಯದ ಗೆಳೆಯ, ಬೇಕರಿಯವನು, ಊರಿನಲ್ಲಿರುವ ಇಂಥ ಕಪ್ಪೆ ಹುಚ್ಚರನ್ನೆಲ್ಲ ಸೇರಿಸಿ ಫೋನಿನಲ್ಲೊಂದು ಗುಂಪು ಕಟ್ಟಿಕೊಂಡಿದ್ದಾನೆ. ಟ್ರೇಲರನ್ನು ಮೊದಲ ಸಲ ನೋಡುವಾಗ ಎಲ್ಲರೂ ತಂತಮ್ಮ ಮುಖವನ್ನು ವಿಡಿಯೋ ಮಾಡಿ ಕಳಿಸಬೇಕೆಂದು ಅವನ ಅಪ್ಪಣೆಯಾಗಿತ್ತು.

ಬೇರೆ ದಿನವಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಅವತ್ತು ಹಾಗಾಗಲಿಲ್ಲ. ಸಂಜೆ ಐದರೊಳಗೆ ಅನಾಥ ಮಕ್ಕಳ ಮನೆಯ ಮೇಡಂಗೆ ನಾನು ಒಂದು ಮಾತು ಹೇಳಬೇಕಿತ್ತು, ಹೂಂ ಅಥವಾ ಉಹೂಂ.

ನಮಗೆ ಮಕ್ಕಳಿಲ್ಲ. ಒಂದು ಮಗುವನ್ನು ತಂದು ಸಾಕೋಣ ಎಂದು ಮಕ್ಕಳ ಮನೆಯಲ್ಲಿ ಹೇಳಿಟ್ಟು ಎಷ್ಟೋ ಕಾಲವಾಗಿತ್ತು. ಹಿಂದಿನ ಭಾನುವಾರ ಕರೆ ಬಂತು, ಹೋದೆವು. ಆರು ವರ್ಷದ ಹುಡುಗಿ. ಮುಂದಿನ ಎರಡು ಹಲ್ಲು ಬಿದ್ದಿದ್ದವು. ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಒಂದು ಹೊಸ ಹಲ್ಲು ಅಕ್ಕಿಕಾಳಿನಷ್ಟು ಇಣುಕುತ್ತಿತ್ತು. ಅದನ್ನು ನೋಡಿದ್ದೇ, ಇವಳು ನಮ್ಮವಳು ಎಂದು ನನ್ನ ಮನಸ್ಸು ತೀರ್ಮಾನ ಮಾಡಿಬಿಟ್ಟಿತು. ಅವಳು ಮಾತ್ರ ಇವರ ಮುಖ ನೋಡಿ ಮೇಡಂ ಕುರ್ಚಿಯ ಹಿಂದೆ ಸೇರಿಕೊಂಡಳು.

"ಈ ಮಾಮಂಗೆ ಕೋಪ ಬಂದಿದೆಯಾ?" ಎಂದು ಅಲ್ಲಿಂದಲೇ ಕೇಳಿದಳು.

"ಇಲ್ಲ ಪುಟ್ಟಾ, ಅವರ ಮುಖಾನೇ ಹಾಗೆ," ಎಂದು ನಾನು ನಕ್ಕೆ. ಮೇಡಮ್ಮೂ ನಕ್ಕರು. ಇವರು ನಗಲಿಲ್ಲ. ನಾವು ಹೊರಡುವವರೆಗೂ ಹುಡುಗಿ ಕುರ್ಚಿಯ ಹಿಂದಿನಿಂದ ಬರಲಿಲ್ಲ.

ಮನೆಗೆ ಬಂದು "ಏನಂತೀರಿ?" ಎಂದು ಕೇಳಿದರೆ, ಇವರು "ನಿನ್ನಿಷ್ಟ" ಎಂದರು. ನನಗೆ ಮೈಯೆಲ್ಲ ಉರಿಯಿತು. ಕಿಟಕಿಗೆ ಯಾವ ಬಣ್ಣದ ಪರದೆ ಹಾಕೋಣ ಎಂದು ಕೇಳಿದಾಗಲೂ ನಿನ್ನಿಷ್ಟ, ಫ್ರಿಜ್ ಯಾವುದು ಅಂದರೂ ನಿನ್ನಿಷ್ಟ. ಹೋಗಲಿ, ಅದಕ್ಕೆಲ್ಲ ನಡೆಯುತ್ತದೆ. ಒಂದು ಮಗುವಿಗೂ ಅದೇ ಮಾತೇ? ಸೋಮವಾರ ಕೇಳಿದೆ, ನಿನ್ನಿಷ್ಟ. ಬುಧವಾರ ಜಗಳ ತೆಗೆದು ಕೇಳಿದೆ, ನಿನ್ನಿಷ್ಟ. ನಡುವೆ ಇವರಿಗೆ ಬಚ್ಚಲಲ್ಲಿ ಬೀಡುಬಿಡುವ ಹೊಸ ಚಾಳಿ ಬೇರೆ ಶುರುವಾಗಿತ್ತು. "ಒಳಗೇನು ಲಿಫ್ಟ್ ರಿಪೇರಿ ಮಾಡ್ತಿದೀಯೇನೋ?" ಎಂದು ಅತ್ತೆ ದಿನಾ ಬೆಳಿಗ್ಗೆ ಬಾಗಿಲು ಬಡಿಯುತ್ತಿದ್ದರು.

ಹಾಗಾಗಿ ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಒಮ್ಮೆ ಯಾರಿಗೋ ಬೇಡವಾದ ಮಗು ಅದು. ಬೇಕು ಅನ್ನಲೂ ಬಾಯಿ ಬಾರದ ಮನೆಗೆ ಮತ್ತೆ ಅದನ್ನು ತಂದು ಕೂರಿಸುವುದು ನನ್ನಿಂದ ಆಗದು. ಶನಿವಾರ ಐದರೊಳಗೆ ಇವರ ಬಾಯಿಂದ 'ಬೇಕು' ಎಂದು ಬಂದರೆ ಸರಿ, ಇಲ್ಲದಿದ್ದರೆ ಇಲ್ಲ ಎಂದುಬಿಡುವುದು. ಅದು ಹೇಳಲು ಸುಲಭವಿತ್ತು. ಆ ಅಕ್ಕಿಕಾಳಿನ ಹಲ್ಲು ವಾರವಿಡೀ ನನ್ನ ಕಣ್ಣ ಮುಂದೆಯೇ ಇತ್ತು.

ಮೂರು ಗಂಟೆಗೆ ಇವರು ಸೋಫಾದ ಮೇಲೆ, ಲಿಫ್ಟಿನ ಮೋಟರ್ ಪರೀಕ್ಷೆಗೆ ಕೂತವರಂತೆ ನೆಟ್ಟಗೆ ಕೂತರು. ಪಕ್ಕದಲ್ಲಿ ಅತ್ತೆ, ಕನ್ನಡಕ ಒರೆಸಿಕೊಂಡು. ಟಿವಿಯ ಪಕ್ಕ ನಾನು, ಇವರ ಫೋನ್ ಹಿಡಿದುಕೊಂಡು.

"ಸ್ವಲ್ಪ ಮುಖ ಆಡಿಸಿ ರೀ, ಫೋಟೋ ಅಂದ್ಕೋತಾರೆ ಜನ," ಎಂದೆ.

"ಹೂಂ," ಎಂದರು. ಮುಖ ಮಾತ್ರ ಆಡಲಿಲ್ಲ.

ಟ್ರೇಲರ್ ಶುರುವಾಯಿತು. ನಾನು ಒಂದು ಕಣ್ಣು ಇವರ ಮೇಲಿಟ್ಟು ಇನ್ನೊಂದು ಕಣ್ಣಲ್ಲಿ ಟಿವಿ ನೋಡಿದೆ. ಚೀಲ ಸರಿಯಾದ ಹೆಗಲಿಗೆ ಬಂದಿತ್ತು. ಕಪ್ಪೆ ಒಂದು ಅಂಚೆಕಚೇರಿಯ ಮೂಲೆಯಲ್ಲಿ ವಿಳಾಸವೇ ಇಲ್ಲದ ಪಾರ್ಸಲ್ ಕಂಡು ಬಿಚ್ಚುತ್ತದೆ. ಒಳಗಿಂದ ಹೆಬ್ಬೆರಳಿನಷ್ಟು ಪುಟ್ಟ ಮರಿಕಪ್ಪೆಯೊಂದು ಎದ್ದು ನಿಲ್ಲುತ್ತದೆ. ಎದುರಿಗೆ ಆ ದೊಡ್ಡ ಕಣ್ಣು, ಆ ಅಲ್ಲಾಡದ ಮುಖ. ಮರಿ ಕಿಟಾರನೆ ಕಿರಿಚಿ, ಟಪಾಲು ಚೀಲದೊಳಗೆ ಹಾರಿ, ಒಳಗಿನಿಂದ ಚೀಲದ ಬಾಯಿ ಎಳೆದುಕೊಂಡುಬಿಡುತ್ತದೆ. ಆಮೇಲೆ ಕಪ್ಪೆ ಮಾಡಿನಿಂದ ಮಾಡಿಗೆ ಹಾರುತ್ತದೆ, ಗಾಳಿ, ಮಳೆ, ಏನೇನೋ. ಚೀಲ ಮಾತ್ರ ಮುಚ್ಚಿಯೇ ಇತ್ತು. ಸಿನಿಮಾದ ಹೆಸರು ಬಂತು, ಮುಗಿಯಿತು.

"ಅಯ್ಯೋ ಪಾಪ, ಕೂಸು ಹೆದರ್ಕೊಂಡ್ಬಿಡ್ತಲ್ಲ!" ಎಂದರು ಅತ್ತೆ.

ನಾನು ವಿಡಿಯೋ ನಿಲ್ಲಿಸಿದೆ. ಇವರ ಮುಖ ಹೇಗಿತ್ತೋ ಹಾಗೇ ಇತ್ತು.

ಅಷ್ಟರಲ್ಲಿ ಬೇಕರಿಯವನ ಫೋನ್ ಬಂತು, ಇವರು ನನ್ನ ಕೈಯಿಂದ ತಮ್ಮ ಫೋನ್ ತೆಗೆದುಕೊಂಡರು. ಅವನಿಗೆ ಫೋನೇ ಬೇಡ, ಕೂಗಿದರೆ ಸಾಕು, ನಮ್ಮ ಮನೆಗೆ ಕೇಳಿಸುತ್ತದೆ. "ಕೆಡಿಸಿಬಿಟ್ರು ಕಣೋ! ಎಲ್ಲ ನೀರಲ್ಲಿ ಹೋಮ! ಕಪ್ಪೆ ಯಾವತ್ತಾದ್ರೂ ಜೊತೆಗೆ ಯಾರನ್ನಾದ್ರೂ ಕಟ್ಕೊಂಡು ಹಾರಿದ್ದುಂಟಾ? ಆ ಮರೀನ ಯಾಕೆ ಅವನ ಬೆನ್ನಿಗೆ ಗಂಟು ಹಾಕಿದ್ರು? ಗುಂಪಲ್ಲಿ ಎಲ್ರೂ ಉಗೀತಿದಾರೆ. ನೀನೇನಂತೀಯ? ಮರಿ ಬೇಡ ತಾನೆ?"

ನಾನು ಕಿವಿ ಅತ್ತಲೇ ಇಟ್ಟೆ. ಇವರಷ್ಟು ಮಡಿವಂತ ಅಭಿಮಾನಿ ಆ ಗುಂಪಿನಲ್ಲೇ ಇಲ್ಲ. 'ಬೇಡ' ಅನ್ನುವುದು ಈಗ ಕಪ್ಪೆಯ ನೆಪದಲ್ಲಿ ಹೊರಗೆ ಬರುತ್ತದೆ, ನನಗೆ ಉತ್ತರ ಸಿಗುತ್ತದೆ ಅಂದುಕೊಂಡೆ.

"ಆಮೇಲೆ ಮಾತಾಡ್ತೀನಿ," ಎಂದು ಇವರು ಫೋನ್ ಇಟ್ಟರು. ಅದರಲ್ಲೇ ಟ್ರೇಲರನ್ನು ಮತ್ತೆ ಹಾಕಿದರು. ಮುಗಿಯಿತು, ಮತ್ತೆ ಹಾಕಿದರು. ಆಮೇಲೆ ಕಿಟಕಿಯ ಬಳಿ ಹೋಗಿ ಕೂತು, ಒಂದು ಚಿತ್ರ ನಿಲ್ಲಿಸುವುದು, ಹಿಗ್ಗಿಸುವುದು, ಕೂದಲೆಳೆಯಷ್ಟು ಮುಂದೆ ಸರಿಸುವುದು, ಮತ್ತೆ ನಿಲ್ಲಿಸುವುದು. ಹುಚ್ಚು ಅಭಿಮಾನಿಗಳು ಟ್ರೇಲರ್ ನೋಡುವುದು ಹೀಗೇ ಎಂದು ನನಗೆ ಗೊತ್ತು. ಮೊದಲನೇ ಸಿನಿಮಾದ್ದನ್ನು ಒಂದಿಡೀ ಸಂಜೆ ಹೀಗೇ ಹೆಕ್ಕಿದ್ದರು.

ನಾಲ್ಕೂವರೆಯಾಯಿತು. "ಮೇಡಂಗೆ ಏನು ಹೇಳಲಿ?" ಎಂದೆ.

"ಇರು."

"ಇರೋಕೆ ಟೈಮಿಲ್ಲ ರೀ."

"ಒಂದ್ನಿಮಿಷ ಇರು," ಎಂದರು, ತಲೆಯೆತ್ತದೆ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಒಂದು ಮಗು ವಿಷಯ ಕೇಳ್ತಿದೀನಿ, ನೀವು ಕಪ್ಪೆ ನೋಡ್ತಾ ಕೂತಿದೀರಿ! ಬೇಡ ಅಂದ್ರೆ ಬೇಡ ಅನ್ನಿ, ನಾನೇನು ನಿಮ್ಮನ್ನ ನುಂಗಿಬಿಡ್ತೀನಾ? ನಂಗೂ ಸಾಕಾಗಿದೆ, ಈ ಮುಖದಲ್ಲಿ ಏನಿದೆ ಅಂತ ಹುಡುಕಿ ಹುಡುಕಿ!" ಅತ್ತೆ "ಶ್, ಮೆಲ್ಲಗೆ," ಎಂದರು. ನಾನು ಅಡುಗೆಮನೆಗೆ ಹೋಗಿ, ಸಿಂಕಿನ ಪಕ್ಕ ನಿಂತು, ಮೇಡಂ ನಂಬರ್ ತೆಗೆದೆ. ಇಲ್ಲ ಎನ್ನುವುದನ್ನು ಹೇಗೆ ಹೇಳುವುದೆಂದು ಬಾಯಲ್ಲೇ ಒಮ್ಮೆ ಹೇಳಿ ನೋಡಿಕೊಂಡೆ. ಅಳು ಬಂತು.

ಒತ್ತಬೇಕು ಅನ್ನುವಾಗ ಇವರು ಬಾಗಿಲಲ್ಲಿ ನಿಂತಿದ್ದರು.

"ನೋಡಿಲ್ಲಿ," ಎಂದು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಮಸುಕು ಮಸುಕಾದ ಒಂದು ಚಿತ್ರ. ಹೆಸರು ಬರುವುದಕ್ಕೆ ತುಸು ಮುಂಚೆ, ದೂರದಲ್ಲಿ, ಊರಿನ ಮೇಲೆ ಕಪ್ಪೆ ಹಾರುತ್ತಿತ್ತು. ಹಿಗ್ಗಿಸಿ ಹಿಗ್ಗಿಸಿ ಚೌಕ ಚೌಕವಾಗಿ ಒಡೆದುಹೋಗಿತ್ತು.

"ಏನಿದೆ ಇದ್ರಲ್ಲಿ?"

"ಚೀಲದ ಮೇಲೆ. ಹಸಿರು ಚುಕ್ಕೆ ಕಾಣುತ್ತಾ?" ಇವರ ಬೆರಳು ಗಾಜಿನ ಮೇಲೆ ಅಲ್ಲೇ ನಿಂತಿತ್ತು. "ಮರಿ. ಹೊರಗೆ ಬಂದಿದೆ."

ನಾನು ಕಣ್ಣೊರೆಸಿಕೊಂಡು ನೋಡಿದೆ. ಹೌದು, ಚೀಲದ ಮೇಲೆ ಏನೋ ಕೂತಿತ್ತು. ಎರಡು ಪುಟ್ಟ ಗೆರೆ ಮೇಲಕ್ಕೆ ಚಾಚಿದ್ದವು, ಕೈಗಳೇ ಇರಬೇಕು.

"ಹೆದರ್ಕೊಂಡು ಒಳಗೆ ಹೋಗಿತ್ತಲ್ಲ, ಅದೇ ಇದು," ಎಂದರು. "ಕೈ ಎತ್ಕೊಂಡು ಕೂತಿದೆ. ಈಗ ಕಪ್ಪೆ ಮುಖ ನೋಡು."

"ಅದೇ ಮುಖ."

"ಹೂಂ, ಅದೇ ಮುಖ. ಒಂಚೂರೂ ಬದಲಾಗಿಲ್ಲ." ಇವರ ದನಿ ಸಣ್ಣಗಾಯಿತು. "ಮರಿಗೇ ಅಭ್ಯಾಸ ಆಗಿದೆ."

ನಾನು ನನ್ನ ಫೋನನ್ನು ಕೆಳಗಿಟ್ಟೆ. ಇವರೇ ಮಾತಾಡಿದರು, ನಲ್ಲಿಯ ಕಡೆ ನೋಡುತ್ತಾ. "ಭಾನುವಾರದಿಂದ ದಿನಾ ಕನ್ನಡಿ ಮುಂದೆ ನಿಂತು ನೋಡ್ದೆ, ಬಚ್ಚಲಲ್ಲಿ. ನಗೋಕೆ. ಬರಲ್ಲ ಕಣೇ ನಂಗೆ. ಬಲವಂತ ಮಾಡಿದ್ರೆ ಇನ್ನೂ ಭಯಂಕರ ಕಾಣ್ತೀನಿ. ಅವಳು ಆ ಕುರ್ಚಿ ಹಿಂದೆ ಹೋಗಿ ನಿಂತ್ಲಲ್ಲ… ನಂಗೆ ಬೇಕು ಅನ್ಸಿ, ಅವಳಿಗೆ ಹೆದರಿಕೆ ಆದ್ರೆ? ದಿನಾ ಹೆದರ್ಕೊಂಡೇ ಇರ್ಬೇಕಾ ಆ ಮಗು ನಮ್ಮನೇಲಿ? ಅದಕ್ಕೆ ನಿನ್ನಿಷ್ಟ ಅಂದೆ."

ಇಷ್ಟು ಮಾತನ್ನು ಇವರು ಒಟ್ಟಿಗೆ ಆಡಿದ್ದು ನಾನು ಕಂಡಿಲ್ಲ. ವಾರವಿಡೀ ಇವರನ್ನು ಬೈದುಕೊಂಡದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಬಚ್ಚಲಲ್ಲಿ ಕನ್ನಡಿ ಎದುರು ತುಟಿ ಎಳೆದುಕೊಂಡು ನಿಂತ ನನ್ನ ಗಂಡನನ್ನು ನೆನೆದು ಅಳು ಬಂತು, ಜೊತೆಗೆ ನಗುವೂ ಬಂತು. ಎರಡನ್ನೂ ಒಟ್ಟಿಗೆ ಮಾಡಿದೆ.

"ಹಾಗಾದ್ರೆ ಬೇಕಾ?" ಎಂದು ಕೇಳಿದೆ.

"ಬೇಕು," ಎಂದರು.

ಬಾಗಿಲ ಹಿಂದೆ ಅತ್ತೆ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ಇದನ್ನ ಭಾನುವಾರಾನೇ ಬೊಗಳೋಕೆ ಏನಾಗಿತ್ತೋ ನಿಂಗೆ?" ಎಂದರು.

ಆಗಲೇ ಬೇಕರಿಯವನ ಫೋನ್ ಮತ್ತೆ ಬಂತು. ಗುಂಪಿನವರೆಲ್ಲ ಸೇರಿ ಸಿನಿಮಾದವರಿಗೆ ಮರಿ ತೆಗೆದುಹಾಕಿ ಎಂದು ಬರೆಯುತ್ತಾರಂತೆ, ಇವರ ಹೆಸರೂ ಹಾಕಲೇ ಎಂದು ಕೇಳಿದ.

"ನನ್ನ ಹೆಸರು ಬೇಡ. ಮರಿ ಇರ್ಲಿ," ಎಂದರು ಇವರು.

"ಏನಂದೆ?"

"ಇರ್ಲಿ ಅಂದೆ. ಬೇಡ ಅನ್ನೋರು ಸಿನಿಮಾ ನೋಡಬೇಡಿ." ಫೋನ್ ಇಟ್ಟುಬಿಟ್ಟರು. ಆ ಕಡೆ ಬೇಕರಿಯವನು ಬಾಯಿ ತೆರೆದುಕೊಂಡೇ ನಿಂತಿರಬೇಕು.

ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ನಾನು ಮೇಡಂಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, "ನಮಗೆ ಒಪ್ಪಿಗೆ ಮೇಡಂ, ಇಬ್ಬರಿಗೂ," ಎಂದೆ. ಅವರು ಸಂತೋಷಪಟ್ಟರು. ಮುಂದಿನ ಕೆಲಸಗಳನ್ನೆಲ್ಲ ಹೇಳತೊಡಗಿದಾಗ ಇವರು ಕೈ ಚಾಚಿ ಫೋನ್ ಕೇಳಿದರು. ಹೊಸಬರ ಜೊತೆ ಫೋನಿನಲ್ಲಿ ಮಾತಾಡುವುದೆಂದರೆ ಹಾವು ಕಂಡಂತೆ ಹಿಂದೆ ಸರಿಯುವ ಮನುಷ್ಯ.

"ಮೇಡಂ, ಅವಳಿಗೆ ಒಂದು ಮಾತು ಹೇಳ್ಬೇಕು," ಎಂದರು. "ನಂಗೆ ಕೋಪ ಇಲ್ಲ ಅಂತ. ಮುಖ ಹೀಗೇ ಇರುತ್ತೆ. ಅಭ್ಯಾಸ ಆಗೋವರೆಗೂ ಅವಳು ಒಳಗೇ ಇರ್ಲಿ, ಎಷ್ಟು ದಿನ ಆದ್ರೂ ಪರವಾಗಿಲ್ಲ."

"ಒಳಗೆ ಅಂದ್ರೆ… ಎಲ್ಲಿ ಒಳಗೆ?" ಎಂದರು ಮೇಡಂ, ಗಾಬರಿಯಾಗಿ.

ಇವರು ಸ್ವಲ್ಪ ಯೋಚಿಸಿದರು.

"ಕುರ್ಚಿ ಹಿಂದೆ," ಎಂದರು. "ನಮ್ಮನೇಲೂ ಕುರ್ಚಿ ಇದೆ."