ಹೊರಗೆ ಕೂತವಳ ಗಣಿತ

ಐವತ್ತಾರನೇ ಇಸವಿಯ ಬೇಸಗೆಯಲ್ಲಿ ನನ್ನ ನಾದಿನಿ ವಾರಿಜಾ ಒಂದು ತಿಂಗಳೊಳಗೆ ಮೂರು ಸಲ ಹೊರಗೆ ಕೂತಳು. ಮೊದಲನೆಯದು ನಿಜ. ಉಳಿದೆರಡು ಸುಳ್ಳು ಎಂದು ಮನೆಯಲ್ಲಿ ಮೊದಲು ತಿಳಿದದ್ದು ನನಗೆ. ಅವಳು ಹೊರಗೆ ಕೂತರೆ ಅವಳ ಪಾಲಿನ ಕೆಲಸವೆಲ್ಲ ನನ್ನ ತಲೆಗೆ ಬರುತ್ತಿತ್ತು.

ಮುಂಬಯಿಯ ಮಾಟುಂಗದ ಒಂದು ಚಾಳಿನ ಎರಡನೇ ಮಾಳಿಗೆಯಲ್ಲಿ ನಮ್ಮವು ಎರಡು ಕೋಣೆ. ಮೂಲೆಯ ಮನೆಯಾದ್ದರಿಂದ ಅಡುಗೆಮನೆಯ ಕಿಟಕಿಯೂ ಗ್ಯಾಲರಿಗೇ, ಎಲ್ಲ ಮನೆಗಳ ಮುಂದೆ ಹಾಯುವ ಉದ್ದ ಜಗಲಿಗೇ, ತೆರೆಯುತ್ತಿತ್ತು. ಆ ಕಿಟಕಿಯ ಹೊರಗೆ ಗೋಣಿಯ ಪರದೆ ಕಟ್ಟಿ ಒಂದು ಚಾಪೆ, ಒಂದು ಚೊಂಬು, ಒಂದು ಅಲ್ಯುಮಿನಿಯಂ ತಟ್ಟೆ ಇಟ್ಟಿದ್ದೆವು. ತಿಂಗಳಿಗೆ ಮೂರು ದಿನ ನಾನೋ ವಾರಿಜಾಳೋ ಅಲ್ಲಿ. ಊಟ ದೂರದಿಂದ ಬಡಿಸುವುದು, ನಾಲ್ಕನೆಯ ದಿನ ತಲೆಗೆ ಮಿಂದು ಒಳಗೆ ಬರುವುದು. ಉಡುಪಿಯ ಮನೆಯಲ್ಲಿ ಇದಕ್ಕೆಲ್ಲ ಬೇಕಾದಷ್ಟು ಜಾಗವಿತ್ತು. ಜಾಗವಿಲ್ಲದ ಈ ಊರಿಗೆ ಬಂದ ಮೇಲೂ ಅತ್ತೆ ನಿಯಮವನ್ನು ಒಂದಿಂಚು ಸಡಿಲಿಸಿರಲಿಲ್ಲ.

ವಾರಿಜಾಳಿಗೆ ಡಾಕ್ಟರಾಗಬೇಕಿತ್ತು. ಇಂಟರ್ ಸೈನ್ಸ್ ಪರೀಕ್ಷೆ ಬರೆದು ಮುಗಿಸಿದ್ದಳು. ಇಲ್ಲಿಯ ಕಾಲೇಜುಗಳಲ್ಲಿ ಸೀಟು ಸಿಗುವಷ್ಟು ಅಂಕ ಬರಲಾರದೆಂದು ಅವಳಿಗೇ ಗೊತ್ತಿತ್ತು. ದಕ್ಷಿಣದ ಒಂದು ಮಿಶನ್ ಕಾಲೇಜು ಮಾತ್ರ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತಿತ್ತು, ಅದಕ್ಕೆ ಮುಂಬಯಿಯಲ್ಲೂ ಒಂದು ಕೇಂದ್ರವಿತ್ತು. ಉಳಿದ ವಿಷಯಗಳಿಗೆ ಅವಳು ಹೆದರುವವಳಲ್ಲ. ಆದರೆ ಗಣಿತದ ಪೇಪರಿನಲ್ಲಿ ಇಪ್ಪತ್ತೈದು ಲೆಕ್ಕಗಳಿರುತ್ತಿದ್ದವು. ಹತ್ತು ಸರಿಯಾಗದಿದ್ದರೆ ಉಳಿದ ಪೇಪರುಗಳನ್ನು ನೋಡುವುದೇ ಇಲ್ಲ.

ಗಣಿತ ಅವಳಿಗೆ ಬರುತ್ತಿರಲಿಲ್ಲ. ಕಾಲೇಜಿನ ಮೊದಲ ವರ್ಷ ಅದರಲ್ಲಿ ಒಮ್ಮೆ ಫೇಲಾಗಿ, ಎರಡನೆಯ ಸಲ ದಡ ಮುಟ್ಟಿದವಳು. ಈ ಸುದ್ದಿ ನಮ್ಮ ಬೀದಿಯ ಹೋಟೆಲಿನ ದುಡ್ಡಿನ ಗಲ್ಲೆಯವರೆಗೂ ಹೋಗಿತ್ತು. ಹೋಟೆಲು ನಡೆಸುತ್ತಿದ್ದ ಇವರು, ಎಂದರೆ ನನ್ನ ಗಂಡ, ತಂಗಿಯನ್ನು ಕೆಟ್ಟದಾಗಿ ನೋಡಿಕೊಂಡವರಲ್ಲ. ತಂದೆ ಹೋದ ಮೇಲೆ ಕಾಲೇಜಿನವರೆಗೆ ಓದಿಸಿದವರೂ ಇವರೇ. ಆದರೆ ಈ ಸಲ ನಕ್ಕುಬಿಟ್ಟರು. ಲೆಕ್ಕ ಬಾರದ ಡಾಕ್ಟರು ಎಷ್ಟು ಗುಳಿಗೆ ಕೊಡಬೇಕೆಂದು ಯಾರನ್ನು ಕೇಳ್ತಾಳೆ ಎಂದರು. ಕೊನೆಗೆ ಒಂದು ಮಾತಾಯಿತು: ಒಂದೇ ಸಲ ಬರೆಯಲಿ. ಆಗದಿದ್ದರೆ, ಬ್ರಹ್ಮಾವರದ ಕಡೆಯಿಂದ ಬಂದ ಸಂಬಂಧಕ್ಕೆ ಒಪ್ಪಬೇಕು. ವಾರಿಜಾ ಒಪ್ಪಿದಳು. ಅರ್ಜಿಗೆ ಇವರು ಸಹಿ ಹಾಕಿದರು.

ಆದರೆ ಬೇಸಗೆಯೆಂದರೆ ನಮ್ಮ ಮನೆಯಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ಕಾಲ. ಊರಿನಿಂದ ಹಲಸಿನಕಾಯಿ ಬರುತ್ತಿತ್ತು. ಮನೆಗೂ ಹೋಟೆಲಿಗೂ ಒಂದು ವರ್ಷಕ್ಕಾಗುವಷ್ಟು ಮಾಡಬೇಕು. ಬೆಳಗಿನ ನಾಲ್ಕಕ್ಕೆ ನೀರು ಹಿಡಿಯುವುದರಿಂದ ಹಿಡಿದು ರಾತ್ರಿ ಪಾತ್ರೆಯವರೆಗೆ ನಮ್ಮಿಬ್ಬರ ಕೈ ಒಣಗುತ್ತಿರಲಿಲ್ಲ. ಪುಸ್ತಕ ತೆಗೆದರೆ ಸಾಕು, ಒಳಗಿನಿಂದ ಅತ್ತೆ ಕರೆಯುತ್ತಿದ್ದರು. ಓದಬೇಡ ಎಂದು ಅವರು ಒಂದು ಸಲವೂ ಹೇಳಿದವರಲ್ಲ. ಕರೆಯುತ್ತಿದ್ದರು, ಅಷ್ಟೇ.

ಏಪ್ರಿಲ್ ಕೊನೆಗೆ ವಾರಿಜಾ ನಿಜವಾಗಿ ಹೊರಗಾದಳು. ಮೂರು ದಿನ ಅವಳನ್ನು ಯಾರೂ ಕರೆಯಲಿಲ್ಲ. ಹೊರಗಾದವಳ ಗಾಳಿ ಸೋಕಿದರೆ ಉಪ್ಪಿನಕಾಯಿ ಕೆಡುತ್ತದೆ. ಕಿಟಕಿಯಿಂದ ನಾನು ನೋಡುತ್ತಿದ್ದೆ. ಬೆನ್ನು ಗೋಡೆಗೆ ಕೊಟ್ಟು, ಮೊಣಕಾಲ ಮೇಲೆ ಲೆಕ್ಕದ ವಹಿಯಿಟ್ಟು, ಬರೆದು ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದಳು. ಎರಡನೆಯ ದಿನ ಪಕ್ಕದ ಮನೆಯ ರಾಚವ್ವ ಬಂದು ಅವಳ ಚಾಪೆಯ ಮೇಲೇ ಕೂತರು.

ರಾಚವ್ವ ಧಾರವಾಡದ ಕಡೆಯವರು, ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಅತ್ತೆ ಒಳಗಿನಿಂದಲೇ ಮುಟ್ಟಬೇಡಿ, ಅವಳು ಹೊರಗಿದ್ದಾಳೆ ಎಂದರು.

"ನಮ್ಮೊಳಗ ಆ ಸೂತಕ ಇಲ್ರಿ ಅಮ್ಮಾರ," ಎಂದರು ರಾಚವ್ವ ಶಾಂತವಾಗಿ. "ನಿಮ್ಮನಿಯೊಳಗ ನಾ ಬರೂದಿಲ್ಲ, ಬಿಡ್ರಿ."

ಅಂದಿನಿಂದ ಅವರೇ ವಾರಿಜಾಳ ಗುರು. ಹತ್ತು ಲೆಕ್ಕ ಕೇಳಿ ಎರಡರ ಉತ್ತರ ಮಾತ್ರ ಸರಿಯಾದ ಮೇಲೆ, ಭಿನ್ನರಾಶಿ ಕಲಿಸುವಾಗ ನೀ ಎಲ್ಲಿ ಹೋಗಿದ್ದಿ ಎಂದು ಕೇಳಿದರಂತೆ. ವಾರಿಜಾಳಿಗೆ ಆಗಲೇ ಹೊಳೆದದ್ದು. ಶಾಲೆಯ ನಾಲ್ಕನೇ ಈಯತ್ತೆಯ ವರ್ಷವಿಡೀ ಅವಳು ಹಾಸಿಗೆ ಹಿಡಿದ ಅಪ್ಪನ ಬಳಿ ಕೂತಿದ್ದಳು. ಔಷಧದ ಮಿಕ್ಸ್ಚರಿನ ಬಾಟಲಿಗೆ ಕಾಗದದ ಪಟ್ಟಿ ಅಂಟಿಸಿ, ಹಲ್ಲು ಹಲ್ಲಾಗಿ ಕತ್ತರಿಸಿ, ಹೊತ್ತಿಗೊಂದು ಹಲ್ಲಿನಷ್ಟು ಕುಡಿಸಬೇಕಿತ್ತು. ಆ ವರ್ಷದ ಕೊನೆಗೆ ಅಪ್ಪ ಹೋದರು. ಶಾಲೆಯವರು ಕನಿಕರದಿಂದ ಅವಳನ್ನು ಐದಕ್ಕೆ ಹಾಕಿದರು. ಭಿನ್ನರಾಶಿ ಅಲ್ಲೇ ಉಳಿಯಿತು.

ರಾಚವ್ವ ಅಂಥದೇ ಒಂದು ಬಾಟಲಿ ತಂದು, ಪಟ್ಟಿ ಅಂಟಿಸಿ ನೀರು ತುಂಬಿ, ಆ ಹಲ್ಲುಗಳ ಮೇಲೇ ಭಿನ್ನರಾಶಿ ತೋರಿಸಿದರು. ಹದಿನೆಂಟು ವರ್ಷದ ಹುಡುಗಿ ನಾಲ್ಕನೇ ಈಯತ್ತೆಯ ಪುಸ್ತಕ ಹಿಡಿದು ಗ್ಯಾಲರಿಯಲ್ಲಿ ಕೂತಳು. ಹೋಗಿ ಬರುವ ಹೆಂಗಸರು ನಗುತ್ತಿದ್ದರು. ಅವಳು ಪುಸ್ತಕದ ಮುಖಪುಟ ಅವರಿಗೆ ಕಾಣುವ ಹಾಗೆಯೇ ಎತ್ತಿ ಹಿಡಿಯುತ್ತಿದ್ದಳು.

ನಾಲ್ಕನೆಯ ದಿನ ಮಿಂದು ಒಳಗೆ ಬಂದಳು; ಲೆಕ್ಕ ಗ್ಯಾಲರಿಯಲ್ಲೇ ಉಳಿಯಿತು. ಎಂಟು ದಿನ ಕಳೆದಿತ್ತೇನೋ, ಹಲಸಿನ ಹಪ್ಪಳದ ಹಿಟ್ಟು ಕುಟ್ಟುವ ದಿನವೇ ಅವಳು ಮತ್ತೆ ಹೊರಗಾದೆ ಎಂದಳು. ಪುನಃ ಹತ್ತು ದಿನಕ್ಕೆ ಇನ್ನೊಮ್ಮೆ. ಅತ್ತೆ ಗಾಬರಿಯಾಗಿ ಅಶೋಕದ ತೊಗಟೆ ತರಿಸಿ ಕಷಾಯ ಮಾಡಿದರು. ಇಲ್ಲದ ಕಾಯಿಲೆಗೆ ವಾರಿಜಾ ಕಹಿ ಕಷಾಯವನ್ನು ಗಟಗಟ ಕುಡಿದಳು.

ನನಗೆ ಸಂಶಯ ಬಂದದ್ದು ಬಟ್ಟೆ ಒಗೆಯುವಲ್ಲಿ. ಮೂರು ದಿನವೂ ಅವಳು ಒಗೆದು ಒಣಹಾಕಿದ್ದು ಏನೂ ಇರಲಿಲ್ಲ. ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಸಿಟ್ಟು. ನಾನೂರು ಹಪ್ಪಳ ಒಬ್ಬಳೇ ಒತ್ತಿದ್ದೆ, ಸೊಂಟದಲ್ಲಿ ಎರಡು ವರ್ಷದ ಮಗು ಬೇರೆ. ಕಿಟಕಿಯ ಹತ್ತಿರ ಹೋಗಿ, ಇದು ಸುಳ್ಳು ಅಲ್ವಾ ಎಂದು ಕೇಳಿದೆ.

ಅವಳು ತಲೆ ತಗ್ಗಿಸಲಿಲ್ಲ. "ಸುಳ್ಳು, ಅತ್ತಿಗೆ. ಈ ಮನೆಯಲ್ಲಿ ನನ್ನನ್ನು ಯಾರೂ ಕರೆಯದ ಜಾಗ ಇದೊಂದೇ. ನಿಮಗೆ ಭಾರ ಆಗ್ತದೆ ಅಂತ ಗೊತ್ತುಂಟು. ಬೇಕಾದ್ರೆ ಅಮ್ಮನಿಗೆ ಹೇಳಿ. ಆದರೆ ನಾಳೆ ಹೇಳಿ. ಇವತ್ತು ಅನುಪಾತ ಅರ್ಧ ಆಗಿದೆ."

ನಾನು ಹೇಳಲಿಲ್ಲ. ಒಳ್ಳೆಯತನದಿಂದ ಅಲ್ಲ. ಆ ಹಪ್ಪಳ ಒತ್ತುತ್ತ ಒಂದು ವಿಚಾರ ತಲೆಗೆ ಹೊಕ್ಕಿತ್ತು: ನಾನೂ ಆರು ವರ್ಷದಿಂದ ಆ ಚಾಪೆಯ ಮೇಲೆ ತಿಂಗಳಿಗೆ ಮೂರು ದಿನ ಕೂತವಳು. ಬರೀ ಗೋಡೆ ನೋಡಿದ್ದೆ. ಆ ದಿನಗಳಿಂದ ಏನಾದರೂ ಮಾಡಬಹುದೆಂದು ನನಗೆ ಹೊಳೆದಿರಲೇ ಇಲ್ಲ.

ಪರೀಕ್ಷೆ ಜೂನ್ ಒಂಬತ್ತು, ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ, ಬೈಕಲಾದ ಒಂದು ಶಾಲೆಯಲ್ಲಿ. ಪಂಚಾಂಗ ನೋಡಿದಾಗ ಮಾವನವರ ತಿಥಿಯೂ ಅದೇ ದಿನ ಬಿತ್ತು. ಇವರು ಒಂದೇ ಮಾತು ಹೇಳಿದರು: ಅಪ್ಪನ ಶ್ರಾದ್ಧದ ದಿನ ಮಗಳು ಮನೆಯಲ್ಲಿರಬೇಕು. ಪರೀಕ್ಷೆ ಹೋಯಿತು, ಮಾತೂ ಮುಗಿಯಿತು, ಬ್ರಹ್ಮಾವರಕ್ಕೆ ಕಾಗದ ಬರೆಯುತ್ತೇನೆ.

ಉಪಾಯ ಹೇಳಿದವಳು ಈಗ ನಾನು. ಶ್ರಾದ್ಧದ ದಿನ ಹೊರಗಾದವಳ ನೆರಳೂ ಮನೆಯಲ್ಲಿರಬಾರದು. ಹೊರಗಾದೆ ಎಂದರೆ ಅವಳನ್ನು ಅತ್ತೆಯೇ ರಾಚವ್ವನ ಮನೆಗೆ ಕಳಿಸುತ್ತಾರೆ. ಅಲ್ಲಿಂದ ಬೈಕಲಾಕ್ಕೆ ಹೋಗುವುದು ಕಷ್ಟವಲ್ಲ. ಅತ್ತೆ ಕೇಳಿದರೆ ನಾನೇ ಸಾಕ್ಷಿ ಹೇಳುತ್ತೇನೆ ಎಂದೆ.

"ಬೇಡ," ಎಂದಳು ವಾರಿಜಾ. "ಹಪ್ಪಳಕ್ಕೆ ಸುಳ್ಳು ಹೇಳಿದ್ದೇನೆ. ಅಪ್ಪನ ಹೆಸರಲ್ಲಿ ಹೇಳುವುದಿಲ್ಲ."

ಸೀದಾ ಒಳಗೆ ಹೋಗಿ, ಅತ್ತೆಗೂ ಇವರಿಗೂ ಕೇಳುವ ಹಾಗೆ, ತಾನು ಪರೀಕ್ಷೆಗೆ ಹೋಗುತ್ತೇನೆಂದಳು. ಹಿಂದಿನ ಎರಡು ಸುಳ್ಳನ್ನೂ ಹೇಳಿದಳು. ಅತ್ತೆ, ತಂದೆಯ ದಿನ ಬಿಟ್ಟು ಹೋದವಳಿಗೆ ಒಳ್ಳೆಯದಾಗುವುದಿಲ್ಲ ಎಂದರು.

"ಶ್ರಾದ್ಧ ಮಾಡುವುದು ಅಣ್ಣ. ಅಡುಗೆ ಅತ್ತಿಗೆಯದ್ದು. ನನ್ನ ಕೆಲಸ ಎಲೆ ತೊಳೆಯುವುದು. ಎಲೆ ತೊಳೆಯಲಿಕ್ಕೆ ನಾನಿಲ್ಲ ಅಂತ ಅಪ್ಪ ಹಸಿದು ಹಿಂದೆ ಹೋಗ್ತಾರಾ ಅಮ್ಮ?"

ಹಾಲ್ ಟಿಕೆಟು ಹೋಟೆಲಿನ ವಿಳಾಸಕ್ಕೆ ಬಂದಿತ್ತು, ಇವರ ಬಳಿಯೇ ಇತ್ತು. ಶುಕ್ರವಾರ ಸಂಜೆ, ಅಡುಗೆಮನೆ ತೊಳೆದು ಮಡಿಗೆ ಬಿಡುವ ಮೊದಲು, ಆ ಟಿಕೆಟಿನ ಲಕೋಟೆಯನ್ನು ಒಲೆಯ ಮೇಲಿನ ಹಲಗೆಯಲ್ಲಿಟ್ಟು ಹೊರಗೆ ಬಂದರು. ತಿಥಿ ಮುಗಿದ ಮೇಲೆ ಕೊಡುತ್ತೇನೆ, ಎಲ್ಲಿಗೆ ಬೇಕಾದರೂ ಹೋಗಲಿ ಎಂದರು. ತಿಥಿ ಮುಗಿಯುವಾಗ ಮಧ್ಯಾಹ್ನ ಎರಡು. ಮಡಿಗೆ ಬಿಟ್ಟ ಅಡುಗೆಮನೆಗೆ ಮಡಿಯಲ್ಲಿದ್ದವಳನ್ನು ಬಿಟ್ಟು ಬೇರೆಯವರು ಕಾಲಿಟ್ಟರೆ, ಮಾಡಿದ್ದನ್ನೆಲ್ಲ ಚೆಲ್ಲಿ, ತೊಳೆದು, ಮಿಂದು ಮೊದಲಿನಿಂದ ಆಗಬೇಕು. ಅದಕ್ಕಿಂತ ಭದ್ರವಾದ ಬೀಗ ನಮ್ಮ ಮನೆಯಲ್ಲಿರಲಿಲ್ಲ.

ಶನಿವಾರ ನಾನು ನಾಲ್ಕಕ್ಕೆ ನಲ್ಲಿ ಬಂದೊಡನೆ ಮಿಂದು, ಒದ್ದೆ ಸೀರೆಯಲ್ಲಿ ಒಲೆ ಹಚ್ಚಿದೆ. ಆರಕ್ಕೆ ನಲ್ಲಿ ನಿಂತಿತು. ಏಳೂವರೆಗೆ ಗಂಜಿ ಬಸಿದು ತಿರುಗಿದರೆ, ಕಿಟಕಿಯ ಹೊರಗೆ ವಾರಿಜಾ. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಪೆನ್ಸಿಲು. ಅವಳ ಹಿಂದೆ ಕೊಡೆ ಹಿಡಿದು ರಾಚವ್ವ. ಟಿಕೆಟು ಇಲ್ಲದೆಯೇ ಹೋಗಿ, ಬಾಗಿಲಲ್ಲಿ ಬೇಡಿ ನೋಡುತ್ತೇನೆ ಎಂದಳು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ನಾನು ಬಹುಶಃ ಆಗುವುದಿಲ್ಲ ಎನ್ನುತ್ತಿದ್ದೆ.

ಅಂಚೆಯಲ್ಲಿ ಹತ್ತು ಕೈ ದಾಟಿ, ಅಂಟು ಹಚ್ಚಿಸಿಕೊಂಡು ಬಂದ ಲಕೋಟೆ. ಮುಟ್ಟಿದರೆ ಮಡಿ ಹೋಯಿತು. ಇನ್ನೊಮ್ಮೆ ಮೀಯಲು ನೀರಿಲ್ಲ, ಮಿಂದರೂ ಮಾಡಿಟ್ಟ ಅನ್ನ, ಪಾಯಸ ಶ್ರಾದ್ಧಕ್ಕೆ ಆಗುವುದಿಲ್ಲ. ಹೊರಗಿನ ಕೋಣೆಯಲ್ಲಿ ಭಟ್ಟರು ದರ್ಭೆ ಬಿಡಿಸುತ್ತಿದ್ದರು, ಅತ್ತೆ ಎಳ್ಳು ಹುಡುಕುತ್ತಿದ್ದರು. ನಾನು ಕೈ ಎತ್ತಿದೆ, ಲಕೋಟೆ ತೆಗೆದೆ, ಕಿಟಕಿಯ ಸರಳಿನ ಎಡೆಯಿಂದ ಹೊರಗೆ ದಾಟಿಸಿದೆ. ವಾರಿಜಾಳ ಬೆರಳು ನನ್ನ ಬೆರಳಿಗೆ ತಾಗಿತು. ರಾಚವ್ವ ಮಾತ್ರ, "ನಡಿ ತಂಗಿ, ಲೋಕಲ್ ತಪ್ಪತೈತಿ," ಎಂದರು.

ಆಮೇಲೆ ಅದೇ ಕೈಯಿಂದ ವಡೆ ತಟ್ಟಿದೆ.

ಮೊದಲ ನಾಲ್ಕು ವಡೆ ಸೊಟ್ಟಗಾದವು. ಐದನೆಯದರಿಂದ ಸರಿಯಾಯಿತು. ಭಟ್ಟರು ಎರಡು ಸಲ ಪಾಯಸ ಹಾಕಿಸಿಕೊಂಡು ಕೈರುಚಿ ಹೊಗಳಿದರು. ಪಿಂಡವನ್ನು ಗ್ಯಾಲರಿಯಾಚೆಯ ಹಂಚಿನ ಮಾಡಿನ ಮೇಲಿಟ್ಟು ಇವರು ಕೈ ಚಪ್ಪಾಳೆ ತಟ್ಟುವ ಮೊದಲೇ ಕಾಗೆ ಬಂದಿತ್ತು. ಅಪ್ಪನಿಗೆ ತೃಪ್ತಿಯಾಯಿತು ಎಂದು ಅತ್ತೆ ಕಣ್ಣೊರಸಿಕೊಂಡರು.

ವಾರಿಜಾ ಬಂದಾಗ ಸಂಜೆ ಐದೂವರೆ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಅತ್ತೆ ಒಳಗಿನ ಕೋಣೆಯಲ್ಲಿ ಮಲಗಿದ್ದರು. ನಾನು ಎಲೆ ಹಾಕಿ ಬಡಿಸುತ್ತಿದ್ದೆ. ಇವರು ಅಡುಗೆಮನೆಗೆ ಬಂದು ಒಲೆಯ ಮೇಲಿನ ಹಲಗೆ ನೋಡಿದರು.

"ಯಾರು ಕೊಟ್ಟದ್ದು?"

"ನಾನು," ಎಂದೆ.

"ಯಾವಾಗ?"

"ಅನ್ನ ಬಸಿದ ಮೇಲೆ. ವಡೆಗೆ ಮೊದಲು."

"ಮಡಿಯಲ್ಲಿದ್ದೆಯಲ್ಲ?"

"ಇದ್ದೆ."

"ಪುನಃ ಮಿಂದೆಯಾ?"

"ನೀರು ಎಲ್ಲಿತ್ತು? ಆರಕ್ಕೇ ನಿಂತಿತ್ತಲ್ಲ."

ಇವರ ಮುಖದಲ್ಲಿ ಒಂದೊಂದಾಗಿ ಎಲ್ಲ ಹಾದುಹೋಗುವುದು ಕಂಡಿತು. ಭಟ್ಟರು ಉಂಡಿದ್ದಾರೆ. ಕಾಗೆ ಉಂಡಿದೆ. ತಾವೂ ಉಂಡಿದ್ದಾರೆ. ಗದರಬೇಕಾದರೆ ಗದರಿದ್ದು ಯಾಕೆಂದು ಅಮ್ಮನಿಗೆ ಹೇಳಬೇಕು. ಹೇಳಿದರೆ ಅಪ್ಪನ ಶ್ರಾದ್ಧ ಕೆಟ್ಟಿತೆಂದು ತಾವೇ ಒಪ್ಪಿದ ಹಾಗೆ. ಅತ್ತೆ ಮಲಗಿದ್ದ ಕಡೆ ಒಮ್ಮೆ ನೋಡಿದರು. ದನಿ ತಾನಾಗಿ ಇಳಿಯಿತು.

"ಎಷ್ಟು ಮಾಡಿದೆ?" ಎಂದು ತಂಗಿಯ ಕಡೆ ತಿರುಗಿದರು.

"ಹದಿನಾಲ್ಕು. ಹನ್ನೊಂದಾದರೂ ಸರಿ ಇರಬೇಕು."

"ಉಳಿದದ್ದು?"

"ಬರುವುದಿಲ್ಲ," ಎಂದಳು ವಾರಿಜಾ, ಉಣ್ಣುತ್ತಲೇ. ಮಳೆ ಬರುವುದಿಲ್ಲ ಎಂದ ಹಾಗಿತ್ತು ಆ ದನಿ, ನಾಚಿಕೆಯ ಲೇಶವೂ ಇರಲಿಲ್ಲ.

"ಪಾಸಾಗದಿದ್ದರೆ ಬ್ರಹ್ಮಾವರ. ಮಾತು ಒಂದು ಸಲಕ್ಕೆ ಆದದ್ದು."

"ಪಾಸಾಗದಿದ್ದರೆ ಬರುವ ವರ್ಷ ಮತ್ತೆ ಬರೆಯುತ್ತೇನೆ. ಆ ಮಾತು ನೀನು ಟಿಕೆಟು ಅಡಗಿಸಿದಾಗಲೇ ಮುರಿಯಿತು ಅಣ್ಣ. ನಾನು ಮುರಿದದ್ದಲ್ಲ."

ಇವರು ಬಾಯಿ ತೆರೆದರು. ನಾನು ಸಾರಿನ ಸೌಟು ಕೈಯಲ್ಲಿ ಹಿಡಿದು ಇವರನ್ನೇ ನೋಡುತ್ತ ನಿಂತೆ. ಮದುವೆಯಾಗಿ ಆರು ವರ್ಷದಲ್ಲಿ ಹಾಗೆ ನೋಡಿದ್ದು ಅದೇ ಮೊದಲು. ಇವರು ಅಂಗಿ ತೊಟ್ಟು ಹೋಟೆಲಿಗೆ ಹೊರಟುಹೋದರು. ಮೆಟ್ಟಿಲಿಳಿಯುವ ಚಪ್ಪಲಿಯ ಸದ್ದು ಮುಗಿಯಿತು. ಆಮೇಲೆ ವಾರಿಜಾ ಎಲೆ ಮುಂದೆ ಸರಿಸಿ, ಇನ್ನಷ್ಟು ಅನ್ನ ಹಾಕಿ ಅತ್ತಿಗೆ, ಹೊಟ್ಟೆ ಹಸಿದಿದೆ ಎಂದಳು.