ಶನಿವಾರದ ಮೂಲೆ

ಬರ್ಮಾದ ಬಗಾನಿನ ಪಗೋಡಗಳ ಯಾತ್ರೆಗೆ ಸೊಸೆ ಸಂದಾಳನ್ನು ಕರೆತಂದದ್ದೇ ನನ್ನ ತಪ್ಪು. ಐರಾವತಿ ನದಿ ಕಂಡರೂ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾಳೆ, ಮುರುಕು ಗೋಪುರ ಕಂಡರೂ ನಿಲ್ಲುತ್ತಾಳೆ. “ಕಾಲು ಎಳ್ದುಕೊಂಡು ಬರ್ಬೇಡ, ನಡಿಯೇ!” ಎಂದು ದಾರಿಯುದ್ದಕ್ಕೂ ಗದರಿದೆ.

ದೊಡ್ಡ ಪಗೋಡದಲ್ಲಿ ಎಲ್ಲರೂ ತಾವು ಹುಟ್ಟಿದ ವಾರದ ಮೂಲೆಯಲ್ಲಿರುವ ಬುದ್ಧನಿಗೆ ನೀರೆರೆಯುತ್ತಿದ್ದರು. ನಾನು ಗುರುವಾರದ ಮೂಲೆಯಲ್ಲಿ ಎರೆದು ತಿರುಗಿ ನೋಡಿದೆ. ಮಂಗಳವಾರ ಹುಟ್ಟಿದವಳೆಂದು ಹೇಳಿ ಮದುವೆಯಾದವಳು, ಮೈಮರೆತು ಶನಿವಾರದ ಬುದ್ಧನಿಗೆ ನೀರೆರೆಯುತ್ತಿದ್ದಳು!

“ಶನಿವಾರದವ್ರಿಗೂ ಗುರುವಾರದವ್ರಿಗೂ ಆಗಿಬರಲ್ಲ ಅಂತ ಗೊತ್ತಿದ್ದೂ ನನ್ನ ಮಗನ್ನ ಕಟ್ಕೊಂಡ್ಯೇನೇ, ಸುಳ್ಳುಬುರುಕಿ?”

ಅವಳು ಎರೆಯುವುದನ್ನು ನಿಲ್ಲಿಸಲಿಲ್ಲ.

“ಅವ್ರೂ ಗುರುವಾರದವ್ರೇ, ನೀವೂ ಗುರುವಾರದವ್ರೇ. ನಂಗೂ ಅವ್ರಿಗೂ ಇವತ್ತಿನವರೆಗೆ ಒಂದೂ ಜಗಳ ಆಗಿಲ್ಲ, ಅತ್ತೆ.”