ಅಕ್ಕ ಬರೆದಿಟ್ಟ ಮಕ್ಕಳು

ಹಳೆಯ ಕಂಪ್ಯೂಟರಿನ ಪರದೆಯ ಮೇಲಿದ್ದ ಕಸದ ಬುಟ್ಟಿಯನ್ನು ಅವನು ಮೂರನೆಯ ಸಲ ತೆರೆದು ನೋಡಿದ. ಖಾಲಿ. ಎರಡು ಸಲ ಖಾಲಿ ಇದ್ದದ್ದು ಮೂರನೆಯ ಸಲಕ್ಕೆ ತುಂಬಿಕೊಳ್ಳುತ್ತದೆಯೇ! ಆದರೂ ನೋಡಿದ. 'ಮಕ್ಕಳು' ಎಂಬ ಫೋಲ್ಡರ್ ಇರಬೇಕಾದ ಜಾಗದಲ್ಲಿ ಅವನು ಬರೆದ ಮನೆ ನಕ್ಷೆಗಳೂ ಅವನ ಪ್ರವಾಸದ ಫೋಟೋಗಳೂ ಯಜಮಾನರ ಹಾಗೆ ಕೂತಿದ್ದವು.

ಆದದ್ದಿಷ್ಟು. ಕಟ್ಟಡಗಳ ನಕ್ಷೆ ಬರೆಯುವುದು ಅವನ ಕೆಲಸ. ಲ್ಯಾಪ್‌ಟಾಪು ಎರಡು ದಿನದಿಂದ ಕರಕರ ಸದ್ದು ಮಾಡುತ್ತಿತ್ತು. ಕೈಕೊಡುವ ಮೊದಲೇ ಎಲ್ಲವನ್ನೂ ನಕಲು ಮಾಡಿಡೋಣವೆಂದು ಮನೆಯ ವೈಫೈ ಮೂಲಕವೇ ಕೆಳಗಿನ ಕೋಣೆಯ ಅಕ್ಕನ ಹಳೆಯ ಕಂಪ್ಯೂಟರಿಗೆ ಕಳಿಸಿದ. ಎರಡೂ ಕಡೆ ಒಂದೇ ರೀತಿ ಇರಬೇಕೇ ಎಂದು ನಕಲು ಮಾಡುವ ಪ್ರೋಗ್ರಾಮು ಕೇಳಿತು. ಇರಲಿ, ಅಚ್ಚುಕಟ್ಟು ಎಂದುಕೊಂಡು ಹೌದು ಒತ್ತಿದ. ಈ ಕಡೆ ಇಲ್ಲದ ಫೈಲುಗಳು ಆ ಕಡೆಯಿಂದ ಅಳಿಸಿಹೋಗುತ್ತವೆ, ಮುಂದುವರಿಯಲೇ ಎಂದು ಇನ್ನೊಮ್ಮೆ ಕೇಳಿತು. ನಕ್ಷೆಯ ಕೆಳಗೆ ಬರೆದದ್ದನ್ನು ಓದ್ರಪ್ಪಾ ಎಂದು ಮೇಸ್ತ್ರಿಗಳ ಮುಂದೆ ದಿನವೂ ಗಂಟಲು ಹರಿದುಕೊಳ್ಳುವ ಪುಣ್ಯಾತ್ಮ ಅದನ್ನು ಓದಲೇ ಇಲ್ಲ. ಹೌದು ಒತ್ತಿ ಸ್ನಾನಕ್ಕೆ ಹೋದ.

ಅಕ್ಕ ಮೂವತ್ತು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಹುಟ್ಟಿದ ಗಂಟೆ, ತೂಕ ಇವೆಲ್ಲ ಆಸ್ಪತ್ರೆಯ ದಾಖಲೆಗೆ ಹೋಗುತ್ತಿದ್ದವು. ಅವಳು ತನ್ನದೊಂದು ನೋಟ್‌ಬುಕ್ಕಿನಲ್ಲಿ ಬೇರೆಯದನ್ನೇ ಬರೆದಿಡುತ್ತಿದ್ದಳು: ಮಗುವಿನ ಮುಖ ನೋಡಿದ ಕೂಡಲೇ ತಾಯಿ ಆಡಿದ ಮೊದಲ ಮಾತು. ನಿವೃತ್ತಳಾದ ಮೇಲೆ ನಾಲ್ಕು ವರ್ಷ, ಎರಡೇ ಬೆರಳಲ್ಲಿ ಕುಟ್ಟಿ ಕುಟ್ಟಿ, ಒಂದೊಂದು ಮಗುವಿಗೆ ಒಂದೊಂದು ಫೈಲು ಮಾಡಿ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದ್ದಳು. ನೋಟ್‌ಬುಕ್ಕುಗಳು? ಕಂಪ್ಯೂಟರಿನಲ್ಲಿ ಇದ್ದಮೇಲೆ ಈ ಧೂಳಿನ ರಾಶಿ ಯಾಕಕ್ಕಾ ಎಂದು ಹಟ ಹಿಡಿದು ಅವನ್ನು ರದ್ದಿಯವನ ಗಾಡಿಗೆ ಹೊತ್ತು ಹಾಕಿದವನು ಇವನೇ. 

ಕಂಪ್ಯೂಟರ್ ರಿಪೇರಿಯ ಗೆಳೆಯನಿಗೆ ಫೋನ್ ಮಾಡಿ ಅವನು ಹೇಳಿದ್ದನ್ನೆಲ್ಲ ಮಾಡಿದ್ದಾಯಿತು. "ಅಳಿಸಿದ ಜಾಗದ ಮೇಲೇ ನಿನ್ನದು ಬರೆದುಕೊಂಡು ಹೋಗಿದೆಯಲ್ಲೋ ಮಾರಾಯ, ಇನ್ನೆಲ್ಲಿಂದ ತರ್ಲಿ?" ಎಂದು ಅವನೂ ಕೈ ಚೆಲ್ಲಿದ. ಅಷ್ಟರಲ್ಲಿ ಬಾಗಿಲು ಸದ್ದಾಯಿತು. ಇವನು ಗಡಬಡಿಸಿ ಪರದೆ ಆರಿಸಿದ.

ಅಕ್ಕ ತರಕಾರಿ ಚೀಲ ಕೆಳಗಿಟ್ಟವಳೇ, "ಕಂಪ್ಯೂಟರ್ ಹಾಕೋ ಸ್ವಲ್ಪ," ಎಂದಳು. "ಆ ಹುಡುಗಿ ಐದು ಗಂಟೆಗೆ ಬರ್ತಾಳೆ. ಅವಳ ಹಾಳೆ ಪ್ರಿಂಟ್ ತೆಗೀಬೇಕು."

ಯಾವ ಹುಡುಗಿ ಎಂದು ಅವನು ಕೇಳಬೇಕಾಗಿರಲಿಲ್ಲ. ವಾರದಿಂದ ಮನೆಯಲ್ಲಿ ಅದೇ ಮಾತು. ಹೆತ್ತ ದಿನವೇ ತಾಯಿ ತೀರಿಕೊಂಡ ಮಗು ಅದು. ಈಗ ಅವಳೇ ಬಸುರಿ. ಅಮ್ಮ ನನ್ನ ನೋಡಿ ಏನಂದಳು ಎಂದು ಹುಡುಕಿಕೊಂಡು ಅಕ್ಕನವರೆಗೆ ಬಂದಿದ್ದಳು. ಬರೆದಿಟ್ಟಿದ್ದೀನಿ, ಓದಿ ಹೇಳ್ತೀನಿ ಬಾ ಎಂದು ಅಕ್ಕ ಮಾತು ಕೊಟ್ಟಿದ್ದಳು.

"ಯಾಕೋ ಸರಿಯಾಗಿ ಶುರುವಾಗ್ತಿಲ್ಲ ಅಕ್ಕಾ," ಎಂದ. ಬಾಯಿಗೆ ತಾನಾಗಿಯೇ ಬಂದುಬಿಟ್ಟಿತು. "ಹಳೇದಲ್ವಾ... ಒಳಗಿರೋದೆಲ್ಲ ಹೋಗಿದ್ರೂ ಹೋಗಿರಬಹುದು."

ಅಕ್ಕ ಚೀಲದ ಪಕ್ಕದಲ್ಲೇ ಕೂತುಬಿಟ್ಟಳು. "ಅಯ್ಯೋ, ನಾನೇ ಏನಾದ್ರೂ ಮಾಡಿದೆನೇನೋ. ನಿನ್ನೆ ಅದೇನೋ ಕೇಳ್ತು. ಕನ್ನಡಕ ಇರ್ಲಿಲ್ಲ, ಸುಮ್ನೆ ಒತ್ತಿಬಿಟ್ಟೆ." ತನ್ನ ಎರಡು ಬೆರಳನ್ನು ತಾನೇ ನೋಡಿಕೊಂಡಳು. "ಹಾಳು ಕೈ! ಆ ಹುಡುಗಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ.

"ನೀನಲ್ಲ ಅಕ್ಕಾ, ನಾನು," ಎಂದ. "ಕಂಪ್ಯೂಟರ್ ಚೆನ್ನಾಗೇ ಇದೆ. ನನ್ನದನ್ನ ಇದಕ್ಕೆ ತುಂಬಿಸೋಕೆ ಹೋಗಿ ನಿನ್ನದನ್ನ ಅಳಿಸಿಬಿಟ್ಟೆ. ಅಳಿಸ್ತೀನಿ ಅಂತ ಅದು ಹೇಳಿತ್ತು, ನಾನು ಓದ್ಲಿಲ್ಲ. ಆಮೇಲೆ ಸುಳ್ಳೂ ಹೇಳಿದೆ."

ಅಕ್ಕ ಅವನನ್ನೇ ನೋಡಿದಳು. ನೋಟ್‌ಬುಕ್ಕಿನ ಮಾತು ಈಗ ಎತ್ತುತ್ತಾಳೆ ಎಂದು ಅವನು ಕಾದ. ಅವಳು ಎತ್ತಲಿಲ್ಲ.

"ಆ ಹುಡುಗೀದು... ನಿಂಗೆ ನೆನಪಿಲ್ವಾ?" ಎಂದು ಕೇಳಿದ.

"ಆ ದಿನ ಐದು ಹೆರಿಗೆ ಕಣೋ. ಯಾರು ಏನಂದ್ರು ಅನ್ನೋದು ಒಂದಕ್ಕೊಂದು ಕಲಸಿಹೋಗಿದೆ. ಅಂದಾಜಲ್ಲಿ ಏನೋ ಒಂದು ಹೇಳಿಬಿಡ್ಲಾ? ತಾಯಿ ಮಾತು ಅದು." ಆಮೇಲೆ ಕೇಳಿದಳು: "ನಿನ್ನದೆಲ್ಲ ಸರಿಯಾಗಿ ಬಂತಾ?"

"ಬಂತು," ಎನ್ನುವಾಗ ಅವನಿಗೆ ನೆಲಕ್ಕಿಳಿದು ಹೋಗುವಂತಾಯಿತು.

"ಸದ್ಯ."

ಅಣಕಕ್ಕೆ ಅಂದದ್ದಾಗಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ನಿಜವಾಗಿಯೇ ಅಂದಿದ್ದಳು. ಮಂಡಿಯ ಮೇಲೆ ಕೈಯೂರಿ ಎದ್ದು, ಕನ್ನಡಕ ಹಾಕಿಕೊಂಡು, ಕುರ್ಚಿ ಎಳೆದು ಕೂತು ಪರದೆ ಹಚ್ಚಿದಳು. ಸಾಲುಸಾಲಾಗಿ ಇವನ ಫೈಲುಗಳು. ಮೊದಲನೆಯದನ್ನು ತೆರೆದಳು. ಸಮುದ್ರದ ಮುಂದೆ ಹಲ್ಲು ಕಿರಿಯುತ್ತ ನಿಂತ ಇವನದೇ ಫೋಟೋ.

"ಅದು ನನ್ನದು ಅಕ್ಕಾ."

"ಗೊತ್ತು ಕಣೋ. ಇಷ್ಟೊಂದಿದೆಯಲ್ಲ, ನಡುವೆ ಎಲ್ಲಾದ್ರೂ ಒಂದು ಉಳ್ಕೊಂಡಿರಬಹುದು."

ಉಳಿದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆದರೂ ಅವಳ ಹಿಂದೆ ನಿಂತೇ ಇದ್ದ. ಯಾರದೋ ಅಡುಗೆಮನೆಯ ನಕ್ಷೆ ತೆರೆದುಕೊಂಡಿತು. ಅಕ್ಕ ಮುಖ ಹತ್ತಿರ ತಂದು, ಕೆಳಗಿನ ಸಣ್ಣ ಅಕ್ಷರಗಳನ್ನೂ ಬಿಡದೆ ಓದಿ, ಮುಚ್ಚಿ, ಮುಂದಿನದನ್ನು ತೆರೆದಳು.